ಗುಂಪಿಗೆ ಕಳಿಸುವ ಮುಂಚೆ ಒಂದು ಸಾಲು: ಟ್ರಿಗರ್ ವಾರ್ನಿಂಗ್ ಬಗ್ಗೆ ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಕನ್ನಡಿಗರ ಫೋನಿನಲ್ಲಿ ಏನಿಲ್ಲ ಅಂದರೂ ಆರೇಳು ಗುಂಪು ಇರುತ್ತವೆ. ಊರಿನವರದ್ದು ಒಂದು, ಮನೆಯವರದ್ದು ಒಂದು, ಡೊಂಬಿವಲಿಯ ಸೊಸೈಟಿಯದ್ದು ಒಂದು, ಸಂಘದ್ದು ಒಂದು, ಯಕ್ಷಗಾನದ್ದು ಒಂದು, ರಾತ್ರಿಶಾಲೆಯ ಹಳೆ ವಿದ್ಯಾರ್ಥಿಗಳದ್ದು ಇನ್ನೊಂದು. ಒಂದೇ ವಿಡಿಯೋ ಅಷ್ಟೂ ಕಡೆ ಬರುತ್ತದೆ. ಮದುವೆ ದಿಬ್ಬಣದ್ದಾದರೆ ಪರವಾಗಿಲ್ಲ. ಹಳಿಯ ಮೇಲೆ ಬಿದ್ದವರದ್ದಾದರೆ? ಇಂಥ ಗುಂಪುಗಳ ಅಡ್ಮಿನ್‌ಗಳ ಹತ್ತಿರ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಟ್ರಿಗರ್ ವಾರ್ನಿಂಗ್ ಅಂದರೆ ಏನು?

ಮುಂದೆ ಬರುವ ಫೋಟೋ, ವಿಡಿಯೋ ಅಥವಾ ಬರಹದಲ್ಲಿ ಮನಸ್ಸು ಕಲಕುವಂಥದ್ದು ಏನಿದೆ ಅಂತ ಮೊದಲೇ ಹೇಳುವ ಒಂದು ಸಾಲು. ಅಷ್ಟೇ. ಉಡುಪಿ ಹೋಟೆಲಿನಲ್ಲಿ ಮಾಣಿ ಸಾಂಬಾರಿನ ಬಟ್ಟಲು ಇಡುವಾಗ "ಬಿಸಿ ಉಂಟು, ಜಾಗ್ರತೆ" ಅನ್ನುತ್ತಾನಲ್ಲ, ಹಾಗೆ. ಕುಡಿಯಬೇಡಿ ಅಂತ ಅವನು ಹೇಳುವುದಿಲ್ಲ. ಬಟ್ಟಲು ವಾಪಸ್ಸೂ ಒಯ್ಯುವುದಿಲ್ಲ.

ದೊಡ್ಡ ಆಘಾತ ಕಂಡವರಿಗೆ ಒಂದು ಶಬ್ದ, ಒಂದು ವಾಸನೆ, ಒಂದು ಚಿತ್ರ ಸಾಕು, ಹಳೆಯದೆಲ್ಲ ಮತ್ತೆ ಈಗಲೇ ನಡೆಯುತ್ತಿದೆ ಅನ್ನುವಷ್ಟು ಎದೆ ಹೊಡೆದುಕೊಳ್ಳುತ್ತದೆ. ಈ ತೊಂದರೆಗೆ ಪಿಟಿಎಸ್‌ಡಿ ಅಂತ ಹೆಸರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಸೇರಿದ್ದು 1980ರಲ್ಲಿ. ಎಚ್ಚರಿಕೆ ಹಾಕುವ ರೂಢಿ ಬೆಳೆದದ್ದು ಆಮೇಲೆ, ಇಂಟರ್ನೆಟ್ಟಿನಲ್ಲಿ ಲೈಂಗಿಕ ದೌರ್ಜನ್ಯದ ಬಗ್ಗೆ ಮಾತಾಡುತ್ತಿದ್ದ ಹೆಂಗಸರ ಗುಂಪುಗಳಲ್ಲಿ. ಕಾಲೇಜು, ಪತ್ರಿಕೆಗಳಿಗೆ ಬಂದದ್ದು ಇನ್ನೂ ತಡವಾಗಿ.

ಯಾವ್ಯಾವುದಕ್ಕೆ ಹಾಕಬೇಕು?

ಪಟ್ಟಿ ಮಾಡಲು ಹೊರಟರೆ ಮುಗಿಯುವುದಿಲ್ಲ. ಮುಖ್ಯವಾದವು ಇವು: ರಕ್ತ ಮತ್ತು ಮೃತದೇಹ, ಲೈಂಗಿಕ ದೌರ್ಜನ್ಯ, ಆತ್ಮಹತ್ಯೆ, ಮಕ್ಕಳನ್ನೋ ಪ್ರಾಣಿಗಳನ್ನೋ ಹಿಂಸಿಸುವುದು, ಜಾತಿ ಹೆಸರಿನಲ್ಲಿ ಅವಮಾನ ಮಾಡುವ ವಿಡಿಯೋ, ಗರ್ಭಪಾತ ಅಥವಾ ಮಗು ಕಳೆದುಕೊಂಡ ಅನುಭವ. ಕೊನೆಯದನ್ನು ಜನ ಮರೆಯುತ್ತಾರೆ. ಸೀಮಂತದ ಫೋಟೋಗಳ ನಡುವೆ ಯಾರೋ ಇಂಥ ಕತೆ ಹಾಕುತ್ತಾರೆ. ಆ ಗುಂಪಿನಲ್ಲಿ ಯಾರಿಗೆ ಏನಾಗಿದೆ ಅಂತ ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಪ್ರತಿಯೊಬ್ಬರ ಪ್ರತಿಯೊಂದು ನೋವನ್ನೂ ಊಹಿಸಲು ಆಗುವುದಿಲ್ಲ, ಊಹಿಸಬೇಕಾಗಿಯೂ ಇಲ್ಲ. ಪಟಾಕಿ ಸದ್ದು ಕೇಳಿದರೆ ನಡುಗುವವರು ಇದ್ದಾರೆ. ಹಾಗಂತ ದೀಪಾವಳಿಯ ಪ್ರತಿ ವಿಡಿಯೋಗೂ ಎಚ್ಚರಿಕೆ ಹಾಕುತ್ತಾ ಕೂತರೆ ಯಾರೂ ಯಾವುದನ್ನೂ ಓದುವುದಿಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದ್ದರೆ ಮಾತ್ರ ಹಾಕಿ.

ಆ ಸಾಲನ್ನು ಹೇಗೆ ಬರೆಯುವುದು?

ಏನಿದೆ ಅಂತ ಹೇಳಿ, ವಿವರ ಹೇಳಬೇಡಿ. "ಎಚ್ಚರಿಕೆ: ರಸ್ತೆ ಅಪಘಾತ, ರಕ್ತ ಕಾಣುತ್ತದೆ." ಇಷ್ಟು ಸಾಕು. "ತುಂಬಾ ಡಿಸ್ಟರ್ಬಿಂಗ್, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ನೋಡಿ" ಅನ್ನುವುದು ಸಿನಿಮಾ ಪೋಸ್ಟರಿನ ಭಾಷೆ. ಅದನ್ನು ಓದಿದ ಹುಡುಗರು ಮೊದಲು ತೆರೆಯುವುದೇ ಅದನ್ನು. ಇನ್ನು ಕೆಲವರು ಟ್ರಿಗರ್ ವಾರ್ನಿಂಗ್ ಅನ್ನುವುದಕ್ಕೆ "ಟಿಡಬ್ಲ್ಯು" ಅಂತ ಎರಡಕ್ಷರ ಹಾಕಿ ಸುಮ್ಮನಾಗುತ್ತಾರೆ. ಯಾವುದರ ಬಗ್ಗೆ ಅಂತ ಗೊತ್ತಾಗದಿದ್ದರೆ ಹೆದರಿಕೆ ಇನ್ನೂ ಜಾಸ್ತಿ.

ಎಚ್ಚರಿಕೆಯಲ್ಲೇ ಎಲ್ಲ ಕತೆ ಹೇಳಿಬಿಡುವುದೂ ಉಂಟು. "ಎಚ್ಚರಿಕೆ: ಇಂಥ ಹುಡುಗಿಯನ್ನು ಇಂಥವರು ಹೀಗೆ ಹೀಗೆ ಮಾಡಿದ್ದು..." ಅಂತ ನಾಲ್ಕು ಸಾಲು ಬರೆದರೆ ಎಚ್ಚರಿಕೆಗೇ ಇನ್ನೊಂದು ಎಚ್ಚರಿಕೆ ಬೇಕಾಗುತ್ತದೆ.

ಭಾಷೆ ಯಾವುದಿರಲಿ? ಗುಂಪು ಮಾತಾಡುವ ಭಾಷೆ. ಮುಂಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ಹಲವರಿಗೆ ಬರುವುದಿಲ್ಲ. ಅಂಥ ಗುಂಪಿನಲ್ಲಿ ಸಾಲಿನ ಜೊತೆ ಒಂದು ಕೆಂಪು ಅಥವಾ ಹಳದಿ ಗುರುತು ಹಾಕಿದರೆ ಒಳ್ಳೆಯದು.

ನಾನು ಎಚ್ಚರಿಕೆ ಬರೆದೇ ಹಾಕಿದ್ದೆ. ಆದರೂ ಬೈಸಿಕೊಂಡೆ. ಯಾಕೆ?

ಬಹುಶಃ ಫೋಟೋದ ಕ್ಯಾಪ್ಷನ್‌ನಲ್ಲಿ ಬರೆದಿದ್ದೀರಿ. ವಾಟ್ಸ್‌ಆ್ಯಪ್‌ನಲ್ಲಿ ಕ್ಯಾಪ್ಷನ್ ಕಾಣುವುದು ಫೋಟೋದ ಕೆಳಗೆ. ನೋಡಿ ಆದ ಮೇಲೆ "ನೋಡಬೇಡಿ" ಅಂತ ಓದಿ ಏನು ಪ್ರಯೋಜನ?

ಮೊದಲು ಸಾಲು, ಹಿಂದೆಯೇ ಫೋಟೋ ಕಳಿಸಿದರೂ ಅಷ್ಟೇ. ಎರಡೂ ಒಂದೇ ಪರದೆಯಲ್ಲಿ, ಒಂದರ ಕೆಳಗೆ ಒಂದು ಬಂದು ಕೂರುತ್ತವೆ. ಕಣ್ಣು ಮೊದಲು ಹೋಗುವುದು ಚಿತ್ರಕ್ಕೆ. ಆದ್ದರಿಂದ ಸಾಲು ಮಾತ್ರ ಹಾಕಿ, "ಬೇಕಾದವರು ಹೇಳಿ, ಬೇರೆಯಾಗಿ ಕಳಿಸುತ್ತೇನೆ" ಅನ್ನುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಗುಂಪಿಗೇ ಹಾಕಬೇಕಾದರೆ ಫೋಟೋ ಕಳಿಸುವಾಗ ಬಲಗಡೆ ಕಾಣುವ "1" ಗುರುತು ಒತ್ತಿ. ಒಮ್ಮೆ ಮಾತ್ರ ನೋಡುವ ಈ ಫೋಟೋ ತೆರೆಯುವ ತನಕ ಕಾಣುವುದಿಲ್ಲ, ಮುಂದಕ್ಕೆ ಫಾರ್ವರ್ಡ್ ಮಾಡಲೂ ಬರುವುದಿಲ್ಲ. ಎರಡನೆಯದೇ ದೊಡ್ಡ ಲಾಭ ಅಂತ ನನಗೆ ಅನಿಸುತ್ತದೆ. ಸುದ್ದಿಯ ಲಿಂಕ್ ಹಾಕುವಾಗ ಜೊತೆಗೆ ಒಂದು ಚಿಕ್ಕ ಚಿತ್ರವೂ ಬರುತ್ತದೆ, ನೋಡಿದ್ದೀರಾ? ಕಳಿಸುವ ಮುಂಚೆ ಅದರ ಮೂಲೆಯಲ್ಲಿರುವ ಅಡ್ಡ ಗುರುತು ಒತ್ತಿದರೆ ಬರೀ ಲಿಂಕ್ ಹೋಗುತ್ತದೆ.

ಟೆಲಿಗ್ರಾಂನಲ್ಲಿ ಫೋಟೋವನ್ನೂ ಸಾಲನ್ನೂ ಸ್ಪಾಯ್ಲರ್ ಮಾಡಿ ಮಸುಕಾಗಿ ಕಳಿಸಬಹುದು. ಡಿಸ್ಕಾರ್ಡ್‌ನಲ್ಲಿ ಸಾಲಿನ ಎರಡೂ ತುದಿಗೆ ಎರಡೆರಡು ನಿಂತ ಗೀಟು ಹಾಕಿದರೆ ಸಾಲು ಮುಚ್ಚಿಕೊಳ್ಳುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಲವು ಚಿತ್ರ ಹಾಕುವವರು ಮೊದಲ ಚಿತ್ರದ ಜಾಗದಲ್ಲಿ ಎಚ್ಚರಿಕೆ ಹಾಕಿ.

ನೋಡುವವರು ತಮ್ಮ ಕಡೆಯಿಂದ ಏನು ಮಾಡಬಹುದು?

ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಅಂತ ಇದೆ. ಅಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಬಂದ್ ಮಾಡಿ. ಆಮೇಲೆ ಬರುವ ಫೋಟೋಗಳು ನೀವು ಒತ್ತುವ ತನಕ ಮಸುಕಾಗಿಯೇ ಇರುತ್ತವೆ. ಆಂಡ್ರಾಯ್ಡ್ ಫೋನಿದ್ದರೆ ಮೀಡಿಯಾ ವಿಸಿಬಿಲಿಟಿಯನ್ನೂ ತೆಗೆಯಿರಿ. ಇಲ್ಲದಿದ್ದರೆ ಗುಂಪಿಗೆ ಬಂದದ್ದೆಲ್ಲ ಗ್ಯಾಲರಿಗೆ ಹೋಗಿ ಕೂರುತ್ತದೆ. ಗ್ಯಾಲರಿ ತೆರೆಯುವವರು ಯಾರು? ಮನೆಯ ಮಕ್ಕಳು.

ಊರಲ್ಲಿ ಅಜ್ಜ ತೀರಿಕೊಂಡರು. ದೇಹದ ಫೋಟೋ ಗುಂಪಿಗೆ ಹಾಕಬಹುದಾ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ಮುಂಬೈ ಕನ್ನಡಿಗರಿಗೆ "ಹಾಕಲೇಬೇಡಿ" ಅಂತ ಹೇಳಲು ಬಾಯಿ ಬರುವುದಿಲ್ಲ. ಮತ್ಸ್ಯಗಂಧ ರೈಲು ಕುರ್ಲಾ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಟರೆ ಮಂಗಳೂರು ಮುಟ್ಟುವುದು ಮರುದಿನ ಬೆಳಿಗ್ಗೆ. ವಿಮಾನದ ಟಿಕೆಟ್ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೂ ಎಲ್ಲರ ಕೈಗೆ ಎಟುಕುವುದಿಲ್ಲ. ಅಷ್ಟು ಹೊತ್ತು ದೇಹ ಇಟ್ಟುಕೊಳ್ಳದ ಮನೆಗಳು ಎಷ್ಟೋ. ದೂರದಲ್ಲಿರುವ ಮಗನಿಗೆ, ಮಗಳಿಗೆ ಆ ಫೋಟೋವೇ ಕೊನೆಯ ದರ್ಶನ. ಅದನ್ನು ಜೋಪಾನವಾಗಿ ಇಟ್ಟುಕೊಂಡವರೂ ಇದ್ದಾರೆ.

ಇನ್ನೊಂದು ಕಡೆಯಿಂದಲೂ ನೋಡಿ. ಮಧ್ಯಾಹ್ನ ಒಂದು ಗಂಟೆ, ಹೋಟೆಲಿನಲ್ಲಿ ಊಟದ ಗಲಾಟೆ. ಗಲ್ಲಾದಲ್ಲಿ ಕೂತವನ ಫೋನು ಸದ್ದು ಮಾಡುತ್ತದೆ. ಪಾರ್ಸೆಲ್ ಆರ್ಡರ್ ಇರಬೇಕು ಅಂತ ತೆರೆಯುತ್ತಾನೆ. ಜಗಲಿಯಲ್ಲಿ ಬಾಳೆಎಲೆಯ ಮೇಲೆ ಅಪ್ಪ, ಮೂಗಿನಲ್ಲಿ ಹತ್ತಿ, ತಲೆಯ ಹತ್ತಿರ ದೀಪ. ಅಪ್ಪ ಹೋದರು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಎದುರಿಗೆ ನಿಂತ ಗಿರಾಕಿ ಚಿಲ್ಲರೆಗೆ ಕೈ ಚಾಚಿದ್ದಾನೆ.

ನಮ್ಮ ಹಿರಿಯರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ತಂತಿ ಸಂದೇಶದ ಕಾಲದಲ್ಲಿ ಬರುತ್ತಿದ್ದದ್ದು "ಫಾದರ್ ಸೀರಿಯಸ್, ಸ್ಟಾರ್ಟ್ ಇಮೀಡಿಯೆಟ್ಲಿ" ಅಂತ. ಸೀರಿಯಸ್ ಅಂದರೆ ಏನು ಅಂತ ಕಳಿಸಿದವರಿಗೂ ಗೊತ್ತು, ತೆಗೆದುಕೊಂಡವರಿಗೂ ಅರ್ಧ ಗೊತ್ತು. ಬಸ್ಸಿನಲ್ಲಿ ಕೂತು ಊರು ಮುಟ್ಟುವ ಹೊತ್ತಿಗೆ ಮನಸ್ಸು ಅಷ್ಟಿಷ್ಟು ತಯಾರಾಗಿರುತ್ತಿತ್ತು. ಫೋನು ಹೋಟೆಲಿಗೆ ಬಂದರೆ ಧಣಿ ತಾನು ಕೇಳಿಕೊಂಡು, ಹುಡುಗನನ್ನು ಕರೆದು "ಒಮ್ಮೆ ಊರಿಗೆ ಹೋಗಿ ಬಾ ಮಾರಾಯ, ಅಪ್ಪನಿಗೆ ಅಷ್ಟು ಹುಷಾರಿಲ್ಲವಂತೆ" ಅನ್ನುತ್ತಿದ್ದರು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಈಗ ಸುಳ್ಳು ಹೇಳಿ ಕರೆಸಬೇಕಾಗಿಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ತಿಳಿಸುವ ಆ ಕ್ರಮ ಬಿಡಬಾರದಿತ್ತು.

ಹಾಗಾಗಿ ಕ್ರಮ ಇಷ್ಟು. ಹತ್ತಿರದವರಿಗೆ ಮೊದಲು ಫೋನ್ ಮಾಡಿ ಹೇಳಿ. ಅವರೆಲ್ಲರಿಗೂ ಮುಟ್ಟಿದ ಮೇಲೆ ಗುಂಪಿಗೆ ಬರೀ ಬರಹದಲ್ಲಿ ಸುದ್ದಿ, ಜೊತೆಗೆ ಅವರು ನಗುತ್ತಿರುವ ಯಾವುದಾದರೂ ಹಳೆ ಫೋಟೋ. ಅಂತಿಮ ದರ್ಶನದ ಫೋಟೋ ಕೇಳಿದವರಿಗೆ ಮಾತ್ರ. "ಅಣ್ಣಾ, ಕೊನೆಯ ಫೋಟೋ ಇದೆ. ಈಗ ಕಳಿಸಲಾ, ಆಮೇಲೆ ಸಾಕಾ?" ಅಂತ ಕೇಳುವುದಕ್ಕೆ ಅರ್ಧ ನಿಮಿಷ ಬೇಡ. ಚಿತೆಯ ವಿಡಿಯೋ ಕಾಲ್‌ಗೂ ಇದೇ ಮಾತು. ಕರೆ ಮಾಡಿ ಕ್ಯಾಮರಾ ತಿರುಗಿಸುವ ಮುಂಚೆ ಕೇಳಿ.

ಲೋಕಲ್ ರೈಲಿನ ಅಪಘಾತದ ವಿಡಿಯೋ? ಅದು ಸುದ್ದಿ ಅಲ್ವಾ?

ಸುದ್ದಿ ಹೌದು. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ತುಂಬಿದ ಲೋಕಲ್‌ಗಳಿಂದ ಜನ ಕೆಳಗೆ ಬಿದ್ದ ದಿನ ಡೊಂಬಿವಲಿ, ಕಲ್ಯಾಣದ ಎಲ್ಲ ಮನೆಯಲ್ಲೂ ಕೇಳಿದ್ದು ಒಂದೇ ಪ್ರಶ್ನೆ: ನಮ್ಮವರು ಎಲ್ಲಿದ್ದಾರೆ? ಅದಕ್ಕೆ ಬೇಕಾದದ್ದು ಯಾವ ಸ್ಟೇಷನ್, ಎಷ್ಟು ಗಂಟೆಯ ಗಾಡಿ, ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿ, ಹೆಲ್ಪ್‌ಲೈನ್ ಯಾವುದು ಅನ್ನುವ ವಿವರ. ಹಳಿಯ ಪಕ್ಕ ಬಿದ್ದವರ ಮೇಲೆ ಕ್ಯಾಮರಾ ಓಡಿಸಿದ ವಿಡಿಯೋದಲ್ಲಿ ಇದ್ಯಾವುದೂ ಇರುವುದಿಲ್ಲ. ಎಚ್ಚರಿಕೆ ಹಾಕಿದರೂ ಅದನ್ನು ಮುಂದಕ್ಕೆ ಕಳಿಸಬೇಡಿ. ಆ ಮುಖ ಯಾರದ್ದೋ ಮನೆಯವರದ್ದು. ಅವರ ಮನೆಗೆ ಪೊಲೀಸರ ಫೋನಿಗಿಂತ ಮೊದಲು ನಿಮ್ಮ ಫಾರ್ವರ್ಡ್ ಮುಟ್ಟಬಾರದು.

ಹಳೆ ಘಟನೆಗಳದ್ದು ಇನ್ನೊಂದು ಬಗೆ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಬಾಂಬ್ ಸಿಡಿದವು. ಮಾಟುಂಗಾ ರೋಡ್, ಮಾಹಿಮ್ ಕೂಡ ಅದರಲ್ಲಿ ಸೇರಿದ್ದವು. ಎರಡೂ ನಮ್ಮವರು ತುಂಬಾ ಇರುವ ಜಾಗಗಳು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಆ ಕೇಸಿನಲ್ಲಿ ಶಿಕ್ಷೆಯಾಗಿದ್ದ ಹನ್ನೆರಡೂ ಮಂದಿ ನಿರ್ದೋಷಿಗಳು ಅಂತ ತೀರ್ಪು ಕೊಟ್ಟಾಗ ಒಡೆದ ಡಬ್ಬಿಗಳ ಫೋಟೋಗಳು ಸುದ್ದಿಯ ಜೊತೆ ಮತ್ತೆ ಬಂದವು. ಜುಲೈ 11, ನವೆಂಬರ್ 26 ಬಂದಾಗಲೂ ಬರುತ್ತವೆ. ಅಂದು ಆ ಗಾಡಿಯಲ್ಲಿದ್ದು ಇಂದಿಗೂ ಅದೇ ಲೈನ್‌ನಲ್ಲಿ ಕೆಲಸಕ್ಕೆ ಹೋಗುವವರು ಇದ್ದಾರೆ. ಸ್ಮರಣೆ ಬೇಡ ಅಂತ ಯಾರೂ ಹೇಳುವುದಿಲ್ಲ. "7/11ರ ಸ್ಫೋಟದ ಫೋಟೋಗಳಿವೆ" ಅಂತ ಮೇಲೆ ಒಂದು ಸಾಲು ಇರಲಿ, ಲೋಕಲ್‌ನಲ್ಲಿ ನಿಂತವರು ಮನೆಗೆ ಹೋಗಿ ತೆರೆಯುತ್ತಾರೆ.

ಅತ್ಯಾಚಾರದ ಸುದ್ದಿಗೆ ಎಚ್ಚರಿಕೆ ಹಾಕಿದರೆ ಸಾಕಾ?

ಸಾಲದು. ಸಂತ್ರಸ್ತೆಯ ಹೆಸರು, ಗುರುತು ಹೊರಗೆ ಹಾಕುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಆಗಬಹುದು. ಆಕೆ ಬದುಕಿಲ್ಲದಿದ್ದರೂ ಹೆಸರು ಹೇಳಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. "ನ್ಯಾಯ ಸಿಗಲಿ" ಅಂತ ಫೋಟೋಗೆ ಮೇಣದಬತ್ತಿ ಅಂಟಿಸಿ ಹಂಚುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಆತ್ಮಹತ್ಯೆಯ ವಿಷಯ ಬಂದರೆ?

ಹೇಗೆ ಮಾಡಿಕೊಂಡರು ಅನ್ನುವುದನ್ನು ಬರೆಯಬೇಡಿ. ಪತ್ರ, ಜಾಗ, ಫೋಟೋ ಹಾಕಬೇಡಿ. ಪ್ರೆಸ್ ಕೌನ್ಸಿಲ್ 2019ರಲ್ಲಿ ಪತ್ರಿಕೆಗಳಿಗೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಇಂಥ ವಿವರ ಓದಿದಾಗ ಆಗಲೇ ಕಷ್ಟದಲ್ಲಿರುವವರಿಗೆ ಅಪಾಯ ಜಾಸ್ತಿ. ಪೋಸ್ಟಿನ ಕೊನೆಗೆ ಟೆಲಿ ಮಾನಸ್ ನಂಬರ್ 14416 ಹಾಕಿ. ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೂ ಮಾತಾಡಬಹುದು. ಗುಂಪಿನಲ್ಲಿ ಯಾರಾದರೂ ತಮಗೇ ಹಾಗೆ ಅನಿಸುತ್ತಿದೆ ಅಂತ ಬರೆದರೆ "ಎಚ್ಚರಿಕೆ ಹಾಕಿಲ್ಲ" ಅಂತ ತಿದ್ದಲು ಹೋಗಬೇಡಿ. ಮೊದಲು ಅವರಿಗೆ ಫೋನ್ ಮಾಡಿ.

ಬಂಗುಡೆ ಸಾರಿನ ಫೋಟೋಗೂ ಎಚ್ಚರಿಕೆ ಬೇಕಾ?

ಈ ಪ್ರಶ್ನೆ ಶ್ರಾವಣ ಬಂದರೆ ಸಾಕು, ತಪ್ಪದೆ ಬರುತ್ತದೆ. ಬೇಡ. ಒಂದು ಅಡುಗೆ ಇಷ್ಟವಿಲ್ಲದಿರುವುದು ಬೇರೆ, ಆಘಾತದ ನೆನಪು ಬೇರೆ. ಮೀನಿಗೆ "ಎಚ್ಚರಿಕೆ" ಅಂತ ಬರೆದರೆ ಮೀನು ತಿನ್ನುವವರಿಗೆ ಅವಮಾನ. ಮುಂಬೈಯಲ್ಲಿ ಊಟದ ಹೆಸರಲ್ಲಿ ಬಾಡಿಗೆ ಮನೆ ಸಿಗದ ಕತೆ ಗೊತ್ತಿದ್ದವರಿಗೆ ಆ ಪದ ಹೇಗೆ ಕೇಳಿಸುತ್ತದೆ ಯೋಚಿಸಿ. ಸಂಘದ ಗುಂಪಿನಲ್ಲಿ ಅಡುಗೆ ಫೋಟೋ ಜಾಸ್ತಿಯಾದರೆ ಅಡುಗೆಗೆ ಬೇರೆ ಗುಂಪು ಮಾಡಿ. ಪ್ರಾಣಿಯನ್ನು ಕೊಲ್ಲುವ ವಿಡಿಯೋ ಮಾತ್ರ ಬೇರೆ ವಿಷಯ, ಅದಕ್ಕೆ ಹಾಕಿ.

ಯಕ್ಷಗಾನದ ಕೀಚಕವಧೆಗೆ?

ಹೆಸರಿನಲ್ಲೇ ವಧೆ ಅಂತ ಇದೆಯಲ್ಲ ಮಾರಾಯ್ರೆ!

ಹೊಸ ಕತೆ, ಕವಿತೆಗೆ ಮಾತ್ರ ಈ ಪ್ರಶ್ನೆ ಗಟ್ಟಿ. "ಎಚ್ಚರಿಕೆ ಹಾಕಿದರೆ ಕತೆಯ ಗುಟ್ಟು ಹೋಯಿತು" ಅಂತ ಬರೆಯುವವರ ದೂರು. ಹಾಗಾಗಬೇಕಾಗಿಲ್ಲ. "ಈ ಕತೆಯಲ್ಲಿ ಮನೆಯೊಳಗಿನ ಹಿಂಸೆ ಇದೆ" ಅಂದರೆ ಯಾರು, ಯಾವಾಗ, ಕೊನೆಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಓಟಿಟಿ ಸರಣಿ ಶುರುವಾಗುವಾಗ ಮೂಲೆಯಲ್ಲಿ ವಯಸ್ಸಿನ ಜೊತೆ "ಹಿಂಸೆ, ಬೈಗುಳ" ಅಂತ ಬರುತ್ತದೆ. 2021ರ ಐಟಿ ನಿಯಮಗಳಿಂದ ಬಂದದ್ದು ಅದು. ಅದರಿಂದ ಯಾರ ಸರಣಿಯ ಗುಟ್ಟೂ ಹೋಗಿಲ್ಲ.

ಇದರಿಂದ ನಿಜವಾಗಿ ಉಪಯೋಗ ಇದೆಯಾ? ಸಂಶೋಧನೆ ಏನು ಹೇಳುತ್ತದೆ?

ಇಲ್ಲಿ ನೇರವಾಗಿ ಹೇಳಬೇಕು. ಮನೋವಿಜ್ಞಾನದ ಸಂಶೋಧಕಿ ವಿಕ್ಟೋರಿಯಾ ಬ್ರಿಡ್ಜ್‌ಲ್ಯಾಂಡ್ ಮತ್ತು ಸಂಗಡಿಗರು ಹನ್ನೆರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರ ವರದಿ ಬಂದದ್ದು 2023ರಲ್ಲಿ. ಎಚ್ಚರಿಕೆ ಓದಿ ನೋಡಿದವರಿಗೆ ನೋವೇನೂ ಕಡಿಮೆ ಆಗಲಿಲ್ಲ. ನೋಡುವ ಮುಂಚಿನ ಆತಂಕ ಸ್ವಲ್ಪ ಏರಿತು. ಎಚ್ಚರಿಕೆ ಕಂಡು ನೋಡದೆ ಬಿಟ್ಟವರು ಜಾಸ್ತಿ ಅಂತಲೂ ಇಲ್ಲ. ಅಮೆರಿಕದ ಕಾಲೇಜುಗಳಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ಆಗಿದೆ. ಶಿಕಾಗೋ ವಿಶ್ವವಿದ್ಯಾಲಯ 2016ರಲ್ಲಿ ಹೊಸ ವಿದ್ಯಾರ್ಥಿಗಳಿಗೆ "ನಾವು ಇಂಥ ಎಚ್ಚರಿಕೆಗಳನ್ನು ಬೆಂಬಲಿಸುವುದಿಲ್ಲ" ಅಂತ ಪತ್ರವನ್ನೇ ಬರೆಯಿತು.

ಹಾಗಾದರೆ ಯಾಕೆ ಹಾಕಬೇಕು? ಔಷಧಿ ಅಂತ ತಿಳಿದು ಹಾಕುತ್ತಿದ್ದರೆ ನಿಲ್ಲಿಸಿಬಿಡಿ, ಯಾವ ಗಾಯವೂ ಅದರಿಂದ ಮಾಯುವುದಿಲ್ಲ. ನಾನು ಹಾಕುವುದು ಮರ್ಯಾದೆಗೆ. ಗುಂಪಿನಲ್ಲಿರುವವರು ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು ಫೋನ್ ತೆರೆಯುತ್ತಾರೆ ಅಂತ ಗೊತ್ತಿಲ್ಲದೆ ನಾವು ಅವರ ಕಣ್ಣ ಮುಂದೆ ಏನೋ ತಂದಿಡುತ್ತೇವೆ. ಯಾವಾಗ ನೋಡಬೇಕು ಅನ್ನುವುದನ್ನಾದರೂ ಅವರೇ ತೀರ್ಮಾನಿಸಲಿ. ಅಧ್ಯಯನ ಅಳೆದದ್ದು ನೋವು ಇಳಿಯಿತೇ, ಇಲ್ಲವೇ ಅಂತ. ದಾದರ್ ಸ್ಟೇಷನ್ನಿನ ಜನಜಂಗುಳಿಯಲ್ಲಿ ಒಬ್ಬರೇ ನಿಂತು ಅಳುವುದಕ್ಕೂ ಮನೆಯಲ್ಲಿ ಹೆಂಡತಿ ಪಕ್ಕದಲ್ಲಿ ಕೂತು ಅಳುವುದಕ್ಕೂ ನೋವು ಅಷ್ಟೇ ಇರಬಹುದು. ಎರಡೂ ಒಂದೇ ಅಂತ ನಾನಂತೂ ಒಪ್ಪುವುದಿಲ್ಲ.

ಎಚ್ಚರಿಕೆ ಕೇಳಿದವರು ಕಾರಣ ಹೇಳಬೇಕಾ?

ಬೇಡ. "ಮಗು ಕಳೆದುಕೊಂಡ ವಿಷಯಕ್ಕೆ ಎಚ್ಚರಿಕೆ ಹಾಕಿದರೆ ಉಪಕಾರ" ಅಂತ ಒಬ್ಬರು ಕೇಳಿದರೆ "ಸರಿ ಅಕ್ಕ" ಅನ್ನಿ, ಅಷ್ಟೇ. "ಯಾಕೆ, ಏನಾಯಿತು?" ಅಂತ ಗುಂಪಿನ ಎದುರು ಕೇಳಬೇಡಿ. ಸಾಧ್ಯವಾದರೆ ಕೇಳುವವರು ಅಡ್ಮಿನ್‌ಗೆ ಒಬ್ಬರಿಗೇ ಬರೆಯಲಿ. ಅಡ್ಮಿನ್ ಹೆಸರು ಹೇಳದೆ ಗುಂಪಿಗೆ ತಿಳಿಸಬಹುದು.

ಇದರ ದುರುಪಯೋಗವೂ ಉಂಟು. ಸಂಘದ ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಎದ್ದಾಗ "ಇದು ನನಗೆ ಟ್ರಿಗರ್, ನಿಲ್ಲಿಸಿ" ಅಂದರೆ ಅದು ಟ್ರಿಗರ್ ಅಲ್ಲ, ತಪ್ಪಿಸಿಕೊಳ್ಳುವ ಉಪಾಯ. ಎಚ್ಚರಿಕೆ ಕೇಳಬಹುದು. ಮಾತೇ ನಿಲ್ಲಿಸಿ ಅಂತ ಕೇಳುವುದಕ್ಕೆ ಬೇರೆ ಕಾರಣ ಬೇಕು.

ಹಿರಿಯರು ಇಂಥ ವಿಡಿಯೋ ಹಾಕುತ್ತಾರೆ. ಹೇಗೆ ಹೇಳುವುದು?

ಗುಂಪಿನಲ್ಲಿ ಹೇಳಬೇಡಿ. ಎಪ್ಪತ್ತು ವರ್ಷದವರನ್ನು ನೂರು ಜನರ ಎದುರು ತಿದ್ದಿದರೆ ಅವರು ವಿಡಿಯೋ ಬಿಡುವುದಿಲ್ಲ, ಗುಂಪು ಬಿಡುತ್ತಾರೆ. ಫೋನ್ ಮಾಡಿ. "ಮಾವ, ನೀವು ಬೆಳಿಗ್ಗೆ ಹಾಕಿದ ವಿಡಿಯೋ ಮಗಳು ನೋಡಿ ಹೆದರಿಬಿಟ್ಟಳು. ಇನ್ನು ಮುಂದೆ ಮೇಲೆ ಒಂದು ಸಾಲು ಬರೆದು ಹಾಕ್ತೀರಾ?" ಮಕ್ಕಳ ಹೆಸರು ಹೇಳಿದರೆ ಕರಗದ ಮಾವಂದಿರು ಕಡಿಮೆ. ಹಾಗೆಂದು ಸುಳ್ಳು ಕಟ್ಟಬೇಡಿ, ಕುಟುಂಬದ ಗುಂಪಿನಲ್ಲಿ ಯಾವುದೂ ಮುಚ್ಚಿಡಲು ಆಗುವುದಿಲ್ಲ. ಅಡ್ಮಿನ್ ಆಗಿದ್ದರೆ ಮೊದಲು ಆ ಸಂದೇಶ ಎಲ್ಲರಿಗೂ ಕಾಣದಂತೆ ಅಳಿಸಿ, ಆಮೇಲೆ ಫೋನ್ ಮಾಡಿ. ಪದೇ ಪದೇ ಆದರೆ ಸ್ವಲ್ಪ ದಿನ ಅಡ್ಮಿನ್‌ಗಳು ಮಾತ್ರ ಕಳಿಸುವ ಹಾಗೆ ಗುಂಪನ್ನು ಬದಲಾಯಿಸಬಹುದು.

ಗಣಪತಿ ವಿಸರ್ಜನೆಯ ಡಿಜೆ ವಿಡಿಯೋಗೆ ಎಚ್ಚರಿಕೆ ಬೇಕು ಅಂದರು. ತಮಾಷೆ ತಾನೇ?

ಅಲ್ಲ. ಇದು ಮನಸ್ಸಿನ ವಿಷಯವೂ ಅಲ್ಲ, ಅಪಸ್ಮಾರದ ವಿಷಯ. ಬೇಗ ಬೇಗ ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ನೋಡುತ್ತಿದ್ದ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೆಂಪು, ನೀಲಿ ಬೆಳಕು ಕೆಲವೇ ಸೆಕೆಂಡು ಮಿನುಗಿದ್ದಷ್ಟೇ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅನ್ನುವುದು ಈಗ ವೆಬ್ ಪುಟಗಳಿಗೆ ಇರುವ ಮಟ್ಟ. ಮುಂಬೈಯ ಲಾಲ್‌ಬಾಗ್‌ನ ಮೆರವಣಿಗೆಯಾಗಲಿ, ಪುಣೆಯ ಲಕ್ಷ್ಮಿ ರಸ್ತೆಯದ್ದಾಗಲಿ, ಲೇಸರ್ ಮತ್ತು ಸ್ಟ್ರೋಬ್ ಲೈಟ್ ಇದ್ದರೆ "ಮಿನುಗುವ ಬೆಳಕು ಇದೆ" ಅಂತ ವಿಡಿಯೋಗೆ ಮುಂಚೆ ಹಾಕಿ. ಇಂಥ ತೊಂದರೆ ಇದ್ದವರ ಮುಂದೆ ಅಕಸ್ಮಾತ್ ವಿಡಿಯೋ ಓಡಿಬಿಟ್ಟರೆ ಕಣ್ಣು ಮುಚ್ಚಿಕೊಂಡರೆ ಸಾಲದು, ಬೆಳಕು ರೆಪ್ಪೆಯೊಳಗೂ ಬರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ಆಚೆ ತಿರುಗಿಸಬೇಕು.